ಅರಸರ ಹೆಸರಿನಲ್ಲಿ ಆಳಿದವರು

ವಿಜಯನಗರದ ಅರಸರು ಬರೆಯಿಸಿದ ತಾಮ್ರಶಾಸನಗಳಲ್ಲಿ ಒಂದು ವಿಶೇಷ ಕಂಡುಬರುತ್ತದೆ. ಶಾಸನದ ಒಡಲು ಸಾಮಾನ್ಯವಾಗಿ ಸಂಸ್ಕೃತ, ಲಿಪಿ ನಂದಿನಾಗರಿ. ಅರಸನ ವಂಶಾವಳಿ, ಬಿರುದಾವಳಿ, ದಾನ ಕೊಟ್ಟ ಊರಿನ ಎಲ್ಲೆಕಟ್ಟು, ದಾನ ಪಡೆದವರ ಗೋತ್ರ ಸೂತ್ರ ಎಲ್ಲವೂ ಮುಗಿದ ಮೇಲೆ ಕಟ್ಟಕಡೆಗೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಒಂದು ರುಜು ಇರುತ್ತದೆ: 'ಶ್ರೀ ವಿರೂಪಾಕ್ಷ'. ದಾನ ಕೊಟ್ಟವನು ದೇವರಾಯನಿರಲಿ, ಕೃಷ್ಣದೇವರಾಯನಿರಲಿ, ರುಜುವಿನ ಜಾಗದಲ್ಲಿ ಅವನ ಸ್ವಂತ ಹೆಸರಿಲ್ಲ. ರಾಜ್ಯ ಹಂಪಿಯ ವಿರೂಪಾಕ್ಷನದು, ಅರಸ ಅವನ ಪರವಾಗಿ ಅದನ್ನು ನೋಡಿಕೊಳ್ಳುವವನು ಎಂಬ ಭಾವನೆ ಈ ರುಜುವಿನ ಹಿಂದಿದೆ. ಇಂದಿನ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಅರಸ ದೇವರ ಪವರ್ ಆಫ್ ಅಟಾರ್ನಿ ಹಿಡಿದವನು. ದೇವರು ಲೆಕ್ಕ ಕೇಳಲು ಬರುವುದಿಲ್ಲ ಎಂಬುದು ಬೇರೆ ಮಾತು.

ಆ ಅರಸರೂ ತಮ್ಮ ಪರವಾಗಿ ಕೆಲಸ ಮಾಡುವವರನ್ನು ನೇಮಿಸಿಕೊಳ್ಳಲೇಬೇಕಾಗಿತ್ತು. ಆ ಕಾಲದ ಶಾಸನಗಳಲ್ಲಿ 'ಕಾರ್ಯಕ್ಕೆ ಕರ್ತರಾದ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇಂಥವರ ಕಾರ್ಯಕ್ಕೆ ಕರ್ತರಾದ ಇಂಥವರು ಈ ಧರ್ಮವನ್ನು ಮಾಡಿದರು ಎಂದರೆ, ಯಜಮಾನ ಎಲ್ಲಿಯೋ ಇದ್ದಾನೆ, ಅವನ ಹೆಸರಿನಲ್ಲಿ ಕೆಲಸ ನಡೆಸಿದವನು ಇವನು ಎಂದು ಅರ್ಥ. ದೂರದ ನಾಡುಗಳನ್ನು ಆಳುತ್ತಿದ್ದ ನಾಯಕರು ರಾಜಧಾನಿಯಲ್ಲಿ ತಮ್ಮ ಪರವಾಗಿ 'ಸ್ಥಾನಪತಿ' ಎಂಬ ಅಧಿಕಾರಿಯನ್ನು ಇಟ್ಟಿರುತ್ತಿದ್ದರು. ಅಂದರೆ ಮುಖ್ತ್ಯಾರನಾಮೆಯ ವ್ಯವಹಾರ ಹಂಪಿಗೆ ಹೊಸದಲ್ಲ. ಅಂಥವನನ್ನು ಹೇಗೆ ಆರಿಸಬೇಕು ಎಂಬ ಪ್ರಶ್ನೆ ಕಠಿಣವಾಗುತ್ತಿದ್ದುದು ಅರಸ ಸಾಯುವಾಗ ಮಗ ಚಿಕ್ಕವನಾಗಿದ್ದರೆ. ಎಂಬತ್ತು ವರ್ಷಗಳ ಅವಧಿಯಲ್ಲಿ ವಿಜಯನಗರ ಈ ಪ್ರಶ್ನೆಯನ್ನು ಹಲವು ಸಲ ಎದುರಿಸಿತು. ಪ್ರತಿ ಸಲವೂ ಬೇರೆ ಬೇರೆ ಉತ್ತರ ಕಂಡುಕೊಂಡಿತು. ಒಂದೂ ಸರಿಯಾಗಿ ನಿಲ್ಲಲಿಲ್ಲ.

ಮೊದಲನೆಯದು ಸಾಳುವ ನರಸಿಂಹನ ಪ್ರಸಂಗ. ಸಂಗಮ ವಂಶದ ಕೊನೆಯ ಅರಸ ಕೈಲಾಗದವನೆಂದು 1485ರಲ್ಲಿ ಸಿಂಹಾಸನವನ್ನು ತಾನೇ ವಹಿಸಿಕೊಂಡ ಈ ಸಮರ್ಥ 1491ರಲ್ಲಿ ತೀರಿಕೊಂಡ. ಮಕ್ಕಳಿಬ್ಬರೂ ಎಳೆಯರು. ಮುಂದೇನಾಯಿತು ಎಂಬುದನ್ನು 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ರಾಬರ್ಟ್ ಸ್ಯೂಯೆಲ್ 1900ರಲ್ಲಿ ಪ್ರಕಟಿಸಿದ 'ಎ ಫರ್ಗಾಟನ್ ಎಂಪೈರ್' ಗ್ರಂಥದಲ್ಲಿ ಅವನ ಬರಹದ ಇಂಗ್ಲಿಷ್ ಅನುವಾದವಿದೆ. ಸಾಯುವ ಮುನ್ನ ನರಸಿಂಹ ತನ್ನ ನೆಚ್ಚಿನ ದಂಡನಾಯಕ ತುಳುವ ನರಸ ನಾಯಕನನ್ನು ಕರೆಸಿ ರಾಜ್ಯ, ಬೊಕ್ಕಸ, ಇಬ್ಬರು ಮಕ್ಕಳು ಮೂರನ್ನೂ ಒಪ್ಪಿಸಿದನಂತೆ. ಮಕ್ಕಳಲ್ಲಿ ಯೋಗ್ಯನಾದವನಿಗೆ ಪಟ್ಟ ಕಟ್ಟು ಎಂದನಂತೆ. ತನ್ನಿಂದ ಗೆಲ್ಲಲಾಗದ ರಾಯಚೂರು, ಉದಯಗಿರಿ, ಕೊಂಡವೀಡು ಈ ಮೂರು ಕೋಟೆಗಳನ್ನು ಗೆಲ್ಲಬೇಕೆಂದೂ ಹೇಳಿದನಂತೆ.

ಬರವಣಿಗೆಯಿಲ್ಲದ ಈ ಮುಖ್ತ್ಯಾರನಾಮೆಯಲ್ಲಿ ಏನು ಮಾಡಬೇಕೆಂಬುದು ಸ್ಪಷ್ಟವಾಗಿದೆ. ಎಲ್ಲಿಯವರೆಗೆ ಎಂಬುದು ಇಲ್ಲ. ಯಾರಿಗೆ ಲೆಕ್ಕ ಒಪ್ಪಿಸಬೇಕೆಂಬುದೂ ಇಲ್ಲ.

ಆಯ್ಕೆಯಲ್ಲಿ ತಪ್ಪಿತ್ತೆಂದು ಹೇಳುವಂತಿಲ್ಲ. ನರಸ ನಾಯಕ ಶೂರ, ಆಡಳಿತ ಬಲ್ಲವನು, ಯಜಮಾನನ ಉಪ್ಪುಂಡು ಬೆಳೆದವನು. ಆದರೆ ಕೆಲಸ ಆರಂಭದಲ್ಲೇ ಕೆಟ್ಟಿತು. ನ್ಯೂನಿಜ್ ಹೇಳುವಂತೆ ಹಿರಿಯ ರಾಜಕುಮಾರನನ್ನು ನರಸನ ಎದುರಾಳಿಯೊಬ್ಬ, ಅಪವಾದ ನರಸನ ತಲೆಗೆ ಬರಲೆಂದೇ ಕೊಲ್ಲಿಸಿದ. ಕಿರಿಯವನಾದ ಇಮ್ಮಡಿ ನರಸಿಂಹನಿಗೆ ಪಟ್ಟವಾಯಿತು. ಹುಡುಗ ಆ ಕೊಲೆಗಾರನನ್ನೇ ಹತ್ತಿರ ಮಾಡಿಕೊಂಡಾಗ ನರಸ ನಾಯಕ ಪೆನುಗೊಂಡೆಗೆ ಹೋಗಿ ಸೈನ್ಯ ಕೂಡಿಸಿ, ತಾನು ಯಾರ ಪರವಾಗಿ ಆಳಬೇಕಾಗಿತ್ತೋ ಅವನ ರಾಜಧಾನಿಗೇ ಮುತ್ತಿಗೆ ಹಾಕಿದ. ಹುಡುಗ ಮಣಿದ. ಕೊನೆಗೆ ಅವನನ್ನು ಪೆನುಗೊಂಡೆಯ ಕೋಟೆಯಲ್ಲಿ ಕಾವಲಿನಲ್ಲಿಟ್ಟು ನರಸನೇ ರಾಜ್ಯ ನಡೆಸಿದ. ಸೇನಾಧಿಪತಿ, ಮಹಾಪ್ರಧಾನ, ಕಾರ್ಯಕರ್ತ ಮೂರೂ ಹುದ್ದೆಗಳು ಅವನವೇ. 'ರಕ್ಷಾಕರ್ತ' ಎಂದೂ 'ಸ್ವಾಮಿ' ಎಂದೂ ಅವನನ್ನು ಕರೆದರು. ಪ್ರತಿನಿಧಿಯೇ ಸ್ವಾಮಿಯಾದ ಮೇಲೆ ಯಜಮಾನನಿಗೆ ಉಳಿಯುವುದು ಹೆಸರು ಮಾತ್ರ.

ಇಷ್ಟಾದರೂ ನರಸ ನಾಯಕ ಕಿರೀಟ ಧರಿಸಲಿಲ್ಲ. ಅವನ ಕಾಲದಲ್ಲಿ ಆಳ್ವಿಕೆ ಇಮ್ಮಡಿ ನರಸಿಂಹನ ಹೆಸರಿನಲ್ಲೇ ನಡೆಯಿತು. ನಂಬಿಕೆ ಪೂರ್ತಿ ಮುರಿದದ್ದು ಅವನು 1503ರಲ್ಲಿ ತೀರಿಕೊಂಡ ಮೇಲೆ. ಅವನ ಅಧಿಕಾರ ಹೊಲ ಮನೆ ಬಂದಂತೆ ಅವನ ಮಗ ವೀರನರಸಿಂಹನಿಗೆ ಬಂತು. ಸಾಳುವ ನರಸಿಂಹ ನಂಬಿದ್ದು ನರಸನನ್ನು. ಅವನ ಮಗನಿಗೆ ಆ ಅಧಿಕಾರ ಕೊಟ್ಟವರು ಯಾರೂ ಇಲ್ಲ. ಎರಡು ವರ್ಷ ಕಳೆಯುವುದರೊಳಗೆ, 1505ರಲ್ಲಿ, ಇಮ್ಮಡಿ ನರಸಿಂಹ ಪೆನುಗೊಂಡೆಯಲ್ಲಿ ಕೊಲೆಯಾದ. ವೀರನರಸಿಂಹ ಪಟ್ಟವೇರಿದ. ಸಾಳುವ ವಂಶ ಮುಗಿದು ತುಳುವ ವಂಶ ಶುರುವಾಯಿತು.

ಆ ಮೂರು ಕೋಟೆಗಳ ಮಾತು ಇನ್ನೂ ಬಾಕಿಯಿತ್ತು. ಅದನ್ನು ನಡೆಸಿಕೊಟ್ಟವನು ನರಸ ನಾಯಕನ ಇನ್ನೊಬ್ಬ ಮಗ ಕೃಷ್ಣದೇವರಾಯ. ಉದಯಗಿರಿ 1514ರಲ್ಲಿ, ಕೊಂಡವೀಡು 1515ರಲ್ಲಿ, ರಾಯಚೂರು 1520ರಲ್ಲಿ ಅವನ ಕೈಸೇರಿದವು. ಸಾಯುವವನು ಒಪ್ಪಿಸಿದ ಕೆಲಸ ಮೂರು ದಶಕಗಳ ತರುವಾಯ ಚಾಚೂ ತಪ್ಪದೆ ನೆರವೇರಿತು. ಒಪ್ಪಿಸಿದ ಮಕ್ಕಳು ಮಾತ್ರ ಉಳಿಯಲಿಲ್ಲ.

ಕೃಷ್ಣದೇವರಾಯ ಪಟ್ಟಕ್ಕೆ ಬಂದ ಕಥೆಯೂ ಇದೇ ಸರಣಿಯದು. ವೀರನರಸಿಂಹ 1509ರಲ್ಲಿ ಸಾಯುವಾಗ ಎಂಟು ವರ್ಷದ ತನ್ನ ಮಗನಿಗೆ ರಾಜ್ಯ ಸಿಗಲೆಂದು ತಮ್ಮ ಕೃಷ್ಣದೇವರಾಯನ ಕಣ್ಣು ಕೀಳಿಸಲು ಮಂತ್ರಿ ಸಾಳುವ ತಿಮ್ಮರಸನಿಗೆ ಅಪ್ಪಣೆ ಮಾಡಿದನೆಂದೂ, ತಿಮ್ಮರಸ ಮೇಕೆಯ ಕಣ್ಣುಗಳನ್ನು ತಂದು ತೋರಿಸಿದನೆಂದೂ ನ್ಯೂನಿಜ್ ಬರೆದಿದ್ದಾನೆ. ಇದನ್ನು ಇತಿಹಾಸವೆಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಆದರೆ ಕೃಷ್ಣದೇವರಾಯ ತೀರಿಹೋದ ಕೆಲವೇ ವರ್ಷಗಳಲ್ಲಿ ಜನ ಹೀಗೆ ಮಾತನಾಡುತ್ತಿದ್ದರು ಎಂಬುದಂತೂ ನಿಜ. ಯಜಮಾನನ ಅಪ್ಪಣೆಯನ್ನು ಮೀರಿದ ಪ್ರತಿನಿಧಿಯನ್ನು ಈ ಕಥೆ ದೂರುವುದಿಲ್ಲ, ಮೆಚ್ಚುತ್ತದೆ. ನಂಬಿಕೆಯ ಮನುಷ್ಯನೆಂದರೆ ಹೇಳಿದಷ್ಟನ್ನೇ ಮಾಡುವವನೋ, ಹೇಳಿದ್ದು ಅನ್ಯಾಯವಾದರೆ ತಡೆಯುವವನೋ ಎಂಬ ತೊಡಕನ್ನು ಹಂಪಿಯ ಜನ ಆಗಲೇ ಬಲ್ಲರು.

ತಿಮ್ಮರಸನನ್ನು ಅಪ್ಪಾಜಿ ಎಂದು ಕರೆಯುತ್ತಿದ್ದನೆಂದು ಪ್ರತೀತಿಯಿರುವ ಕೃಷ್ಣದೇವರಾಯ ತನ್ನ ಸರದಿ ಬಂದಾಗ ಹೊಸದೊಂದು ದಾರಿ ಹುಡುಕಿದ. ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಅನಂತಶಯನಗುಡಿ ಇದೆ. ಬಸ್ಸಿನಲ್ಲಿ ಹಂಪಿಗೆ ಹೋಗುವವರ ಕಣ್ಣಿಗೆ ಅದರ ಎತ್ತರದ ದುಂಡು ಶಿಖರ ಬಿದ್ದೇ ಬೀಳುತ್ತದೆ. 1524ರ ಶಾಸನದ ಪ್ರಕಾರ ಈ ಊರಿನ ಹೆಸರು ಸಾಲೆ ತಿರುಮಲೆ ಮಹಾರಾಯಪುರ. ತಿರುಮಲ ಎಂಬುದು ಕೃಷ್ಣದೇವರಾಯನ ಮಗನ ಹೆಸರು. ಆರು ವರ್ಷದ ಈ ಹುಡುಗನಿಗೆ ತಾನು ಬದುಕಿರುವಾಗಲೇ ಪಟ್ಟ ಕಟ್ಟಿ, ತಾನು ಮಂತ್ರಿಯ ಸ್ಥಾನದಲ್ಲಿ ನಿಂತನೆಂದು ನ್ಯೂನಿಜ್ ಹೇಳುತ್ತಾನೆ. ತಾನು ಸತ್ತ ಮೇಲೆ ಮಗನ ಪರವಾಗಿ ಯಾರು ಆಳುತ್ತಾರೋ ಎಂಬ ಚಿಂತೆಗೆ, ಅಪ್ಪನೇ ಮಗನ ಕಾರ್ಯಕರ್ತನಾಗಿಬಿಡುವ ಉಪಾಯ. ಇದಕ್ಕಿಂತ ಜಾಣ ಏರ್ಪಾಡು ಇರಲಾರದು. ಉತ್ಸವಗಳು ಎಂಟು ತಿಂಗಳು ನಡೆದವು. ಅಷ್ಟರಲ್ಲಿ ಹುಡುಗ ಕಾಯಿಲೆ ಬಿದ್ದು ತೀರಿಕೊಂಡ. ವಿಷ ಹಾಕಿದವನು ತಿಮ್ಮರಸನ ಮಗ ಎಂಬ ಮಾತು ಅರಸನ ಕಿವಿಗೆ ಬಿತ್ತು. ಒಂದು ಕಾಲಕ್ಕೆ ಯಾರ ಕಣ್ಣು ಉಳಿಸಿದನೆಂದು ಕಥೆಯಿತ್ತೋ, ಅವನೇ ತಿಮ್ಮರಸನ ಕಣ್ಣು ಕೀಳಿಸಿದ.

1529ರಲ್ಲಿ ಸಾಯುವಾಗ ಕೃಷ್ಣದೇವರಾಯನಿಗೆ ಹದಿನೆಂಟು ತಿಂಗಳ ಕೂಸೊಂದಿತ್ತು. ಈ ಸಲ ಅವನು ಕೂಸನ್ನೂ ಬಿಟ್ಟ, ಕೂಸಿನ ಪರವಾಗಿ ಆಳುವವರನ್ನೂ ಬಿಟ್ಟ. ತಾನೇ ಚಂದ್ರಗಿರಿಯ ಕೋಟೆಯಲ್ಲಿ ಇರಿಸಿದ್ದ ಸೋದರ ಅಚ್ಯುತರಾಯನನ್ನು ಉತ್ತರಾಧಿಕಾರಿಯೆಂದು ಹೇಳಿದ. ಕೂಸಿಗೇ ಪಟ್ಟ ಕಟ್ಟಿ ತಾನು ಆಡಳಿತ ನಡೆಸಬೇಕೆಂದು ಕೃಷ್ಣದೇವರಾಯನ ಅಳಿಯ ರಾಮರಾಯ ಆಗ ಮಾಡಿದ ಪ್ರಯತ್ನ ಫಲಿಸಲಿಲ್ಲ. ಸತ್ತವನ ಮಾತು ಆ ಒಂದು ಸಲ ನಡೆಯಿತು. ಅಚ್ಯುತರಾಯ ಹದಿಮೂರು ವರ್ಷ ಆಳಿದ.

ಅಚ್ಯುತರಾಯ 1542ರಲ್ಲಿ ತೀರಿಕೊಂಡಾಗ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಮಗ ವೆಂಕಟ ಅಪ್ರಾಪ್ತ. ಈ ಬಾರಿ ಆಡಳಿತ ಹಿಡಿದವನು ಹೊರಗಿನವನಲ್ಲ, ಹುಡುಗನ ಸ್ವಂತ ಸೋದರಮಾವ ಸಲಕರಾಜು ತಿರುಮಲ. ನಮ್ಮ ಸಮಾಜದಲ್ಲಿ ಸೋದರಮಾವನ ಸ್ಥಾನ ಎಂಥದೆಂದು ಹೇಳಬೇಕಾಗಿಲ್ಲ. ಆದರೆ ಹುಡುಗನ ತಾಯಿ ವರದಾಂಬಿಕೆಗೇ ಅಣ್ಣತಮ್ಮನ ಮೇಲೆ ನಂಬಿಕೆ ಉಳಿಯಲಿಲ್ಲ. ಮಗನನ್ನು ಉಳಿಸಿಕೊಳ್ಳಲು ಅವಳು ಬಿಜಾಪುರದ ಆದಿಲಶಾಹನ ನೆರವು ಬೇಡಿದಳು. ಸಲಕರಾಜು ಶಾಹನಿಗೆ ಹಣ ಕೊಟ್ಟು ಹಿಂದಕ್ಕೆ ಕಳಿಸಿದ. ಕೊನೆಗೆ ಸೋದರಿಯ ಮಗನನ್ನೂ ರಾಜಮನೆತನದ ಇತರರನ್ನೂ ಕೊಲ್ಲಿಸಿ ತಾನೇ ಅರಸನೆಂದು ಸಾರಿಕೊಂಡ. ತನ್ನವರೆಂಬ ಒಂದೇ ಕಾರಣಕ್ಕೆ ಕಣ್ಣುಮುಚ್ಚಿ ಸಹಿ ಹಾಕುವವರು ವರದಾಂಬಿಕೆಯ ಕಥೆಯನ್ನು ಒಮ್ಮೆ ಓದಬೇಕು.

ಈ ಅನಾಹುತದಿಂದ ರಾಜ್ಯವನ್ನು ಬಿಡಿಸಿದವನು ಅಳಿಯ ರಾಮರಾಯ. ಗುತ್ತಿಯ ಕೋಟೆಯಲ್ಲಿ ಸೆರೆಯಲ್ಲಿದ್ದ ಸದಾಶಿವ ಎಂಬ ತರುಣನನ್ನು, ಅವನು ಅಚ್ಯುತರಾಯನ ಸೋದರನ ಮಗ, ಹೊರತಂದು ಅರಸನೆಂದು ಘೋಷಿಸಿದ. ಸಲಕರಾಜುವನ್ನು ಸೋಲಿಸಿ ಕೊಂದು 1543ರಲ್ಲಿ ಸದಾಶಿವನಿಗೆ ಪಟ್ಟ ಕಟ್ಟಿದ. ಇಲ್ಲಿಗೆ ಪದ್ಧತಿ ಬುಡಮೇಲಾಯಿತು. ಸಾಳುವ ನರಸಿಂಹ ತನ್ನ ಪ್ರತಿನಿಧಿಯನ್ನು ತಾನೇ ಆರಿಸಿದ್ದ. ಸದಾಶಿವನ ವಿಷಯದಲ್ಲಿ ಪ್ರತಿನಿಧಿಯೇ ತನಗೆ ಬೇಕಾದ ಯಜಮಾನನನ್ನು ಆರಿಸಿಕೊಂಡ.

ಮುಂದಿನ ಇಪ್ಪತ್ತೆರಡು ವರ್ಷ ಆಡಳಿತ ರಾಮರಾಯನದು, ಹೆಸರು ಸದಾಶಿವನದು. ಅದಕ್ಕೆ ಒಳ್ಳೆಯ ಸಾಕ್ಷಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಹೆಸರಿನಿಂದ ಪ್ರಸಿದ್ಧವಾದ 1556ರ ತಾಮ್ರಶಾಸನ. ಶ್ರೀಪೆರುಂಬೂದೂರಿನ ರಾಮಾನುಜರ ಗುಡಿಗೆ ಮೂವತ್ತೊಂದು ಗ್ರಾಮಗಳನ್ನು ಕೊಟ್ಟ ದಾನಪತ್ರ ಅದು. ಕೊಟ್ಟವನು ಸದಾಶಿವರಾಯ. ಕೊಡಿಸಿದವನು ರಾಮರಾಯ. ರಾಮರಾಯನನ್ನು ಬೇಡಿದವನು ಕೊಂಡರಾಜ. ಅರ್ಜಿ ಕೊಂಡರಾಜನಿಂದ ಹೊರಟು ರಾಮರಾಯನ ಬಳಿ ತೀರ್ಮಾನವಾಗಿ, ಸದಾಶಿವನ ಹೆಸರು ಹೊತ್ತು ಹೊರಬಿತ್ತು ಎಂದು ಊಹಿಸುವುದು ಕಷ್ಟವಲ್ಲ. ಹಂಪಿಯ ವಿಠ್ಠಲ ದೇವಾಲಯದಲ್ಲಿ ಉದಯಗಿರಿ ತಿಮ್ಮರಾಜು 1554ರಲ್ಲಿ ಕಟ್ಟಿಸಿದ ಮಂಟಪದ ಶಾಸನವೂ ಸದಾಶಿವನ ಆಳ್ವಿಕೆಯದೇ. ರಾಮರಾಯನ ಕೈಯಲ್ಲಿ ಸೈನ್ಯವಿತ್ತು, ಬೊಕ್ಕಸವಿತ್ತು. ಆದರೂ ಊರು ದಾನ ಪಡೆಯುವವನಿಗೆ ಸದಾಶಿವನ ಹೆಸರಿನ ಪತ್ರ ಬೇಕಿತ್ತು. ದಾನ ಕೊಡುವ ಹಕ್ಕು ಅರಸನದು ಎಂಬ ನಂಬಿಕೆ ಅಷ್ಟು ಬಲವಾಗಿತ್ತು. ಹೆಸರಿನ ಬೆಲೆ ಇದ್ದುದರಿಂದಲೇ ಸದಾಶಿವ ಜೀವಸಹಿತ ಉಳಿದನೆಂದು ಕಾಣುತ್ತದೆ.

ಅರಮನೆಯಲ್ಲಿ ಅವನ ಸ್ಥಿತಿ ಮಾತ್ರ ದಿನೇದಿನೇ ಕುಗ್ಗಿತು. ಯುದ್ಧದ ಎರಡು ವರ್ಷದ ಮೇಲೆ, 1567ರಲ್ಲಿ, ವಿಜಯನಗರಕ್ಕೆ ಬಂದು ಏಳು ತಿಂಗಳು ತಂಗಿದ್ದ ವೆನಿಸಿನ ವರ್ತಕ ಸೀಜರ್ ಫ್ರೆಡರಿಕ್, ನಿಜವಾದ ಅರಸನನ್ನು ಮೂವರು ಸೋದರರು ಸೆರೆಯಲ್ಲಿಟ್ಟು ವರ್ಷಕ್ಕೊಮ್ಮೆ ಪ್ರಜೆಗಳಿಗೆ ತೋರಿಸುತ್ತಿದ್ದರೆಂದು ಬರೆದಿದ್ದಾನೆ. ಆ ಮೂವರು ರಾಮರಾಯ, ತಿರುಮಲ, ವೆಂಕಟಾದ್ರಿ. ಜಾತ್ರೆಯ ಉತ್ಸವಮೂರ್ತಿಯಂತೆ ಅರಸ ವರ್ಷಕ್ಕೊಮ್ಮೆ ಹೊರಬರುತ್ತಿದ್ದ.

ರಾಮರಾಯ ಅಸಮರ್ಥನಾಗಿದ್ದರೆ ಕಥೆ ಸುಲಭವಾಗಿತ್ತು. ಅವನು ಅಸಮರ್ಥನಲ್ಲ. ಸುಲ್ತಾನರ ಜಗಳಗಳಲ್ಲಿ ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಇಳಿಸುತ್ತಾ ರಾಜ್ಯದ ಬಲವನ್ನು ಹೆಚ್ಚಿಸಿದ. ಆದರೆ ಅವನ ಲೆಕ್ಕಾಚಾರ ತಪ್ಪುತ್ತಿದೆ ಎಂದಾಗ ಕೈ ಹಿಡಿದು ನಿಲ್ಲಿಸುವ ಅಧಿಕಾರವಿದ್ದ ಒಬ್ಬನೇ ಮನುಷ್ಯ ಅವನ ಕಾವಲಿನಲ್ಲಿಯೇ ಇದ್ದ. ಆ ಸುಲ್ತಾನರು ಕೊನೆಗೆ ಒಟ್ಟಾದರು. 1565ರ ಜನವರಿಯಲ್ಲಿ ಕೃಷ್ಣೆಯ ಬಳಿ ನಡೆದ, ತಾಳಿಕೋಟೆ ಅಥವಾ ರಕ್ಕಸತಂಗಡಿ ಎಂದು ಕರೆಯುವ ಕಾಳಗದಲ್ಲಿ ರಾಮರಾಯ ಸೆರೆಸಿಕ್ಕಿ ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನಿಂದ ಹತನಾದ. ಯುದ್ಧವನ್ನು ನಿಶ್ಚಯಿಸಿದವನು ಪ್ರತಿನಿಧಿ. ಅದರ ನಷ್ಟ ಹೊತ್ತದ್ದು ಯಜಮಾನನ ರಾಜಧಾನಿ. ತಿರುಮಲ ಬೊಕ್ಕಸವನ್ನು ಆನೆಗಳ ಮೇಲೆ ಹೇರಿ, ಸದಾಶಿವನನ್ನೂ ಜೊತೆಗೆ ಕರೆದುಕೊಂಡು ಪೆನುಗೊಂಡೆಗೆ ಹೋದ. ಆಭರಣಗಳ ಜೊತೆಗೆ ಅರಸನೂ ಒಂದು ಗಂಟಾಗಿ ಸಾಗಿದ. 1570ರ ಹೊತ್ತಿಗೆ ತಿರುಮಲ ತಾನೇ ಪಟ್ಟ ಕಟ್ಟಿಕೊಂಡು ಅರವೀಡು ವಂಶದ ಆಳ್ವಿಕೆಯನ್ನು ಆರಂಭಿಸಿದ. ಅದೇ ವಂಶದ ಇಮ್ಮಡಿ ವೆಂಕಟಪತಿಯ ಕಾಲಕ್ಕೆ ತಾಮ್ರಶಾಸನಗಳ ಕೊನೆಯ ರುಜು 'ಶ್ರೀ ವೆಂಕಟೇಶ' ಎಂದಾಯಿತು. ಹಂಪಿ ಬಿಟ್ಟವರು ವಿರೂಪಾಕ್ಷನ ಹೆಸರನ್ನೂ ಬಿಟ್ಟರು.

ನರಸ ನಾಯಕ, ಸಲಕರಾಜು, ರಾಮರಾಯ, ಈ ಮೂವರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಒಬ್ಬ ನಿಷ್ಠಾವಂತ, ಒಬ್ಬ ರಕ್ತಸಂಬಂಧಿ, ಒಬ್ಬ ಸಮರ್ಥ. ಇಂದಿಗೂ ಮುಖ್ತ್ಯಾರನಾಮೆ ಬರೆದುಕೊಡುವವರು ನೋಡುವುದು ಈ ಮೂರು ಗುಣಗಳನ್ನೇ. ಮೂರೂ ಸಂದರ್ಭಗಳಲ್ಲಿ ಇಲ್ಲದಿದ್ದದ್ದು, ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆಯಬಲ್ಲ ಮತ್ತು ಲೆಕ್ಕ ಕೇಳಬಲ್ಲ ಒಬ್ಬ ಮನುಷ್ಯ.

ನಮ್ಮ ಕಾನೂನು ಮನಸ್ಸಿನ ಒಳಗೆ ಹೊಕ್ಕು ನಿಷ್ಠೆಯನ್ನು ಅಳೆಯಲು ಹೋಗಿಲ್ಲ. ಅದು ಹಿಡಿದಿರುವುದು ಈ ಇನ್ನೊಂದು ತುದಿಯನ್ನು. 1872ರ ಭಾರತೀಯ ಕರಾರು ಕಾಯ್ದೆಯ 183ನೇ ಕಲಮಿನಂತೆ ಪ್ರಾಪ್ತ ವಯಸ್ಸಿನ, ಸ್ವಸ್ಥ ಮನಸ್ಸಿನವರು ಮಾತ್ರ ಪ್ರತಿನಿಧಿಯನ್ನು ನೇಮಿಸಬಹುದು. ಎಳೆಯ ಇಮ್ಮಡಿ ನರಸಿಂಹ ಯಾರಿಗೂ ಮುಖ್ತ್ಯಾರನಾಮೆ ಕೊಡುವಂತಿರಲಿಲ್ಲ. ಅಪ್ರಾಪ್ತ ಹಿಂದೂ ಮಕ್ಕಳ ಸ್ಥಿರಾಸ್ತಿಯನ್ನು ತಂದೆ ತಾಯಿಯೇ ಆದರೂ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ ಎನ್ನುತ್ತದೆ 1956ರ ಕಾಯ್ದೆ. ಕರಾರು ಕಾಯ್ದೆಯ 190ನೇ ಕಲಮಿನಂತೆ, ತಾನೇ ಮಾಡುವೆನೆಂದು ಒಪ್ಪಿದ ಕೆಲಸವನ್ನು ಪ್ರತಿನಿಧಿ ಸಾಮಾನ್ಯವಾಗಿ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ವೀರನರಸಿಂಹನ ದಾರಿ ಅಲ್ಲಿಗೆ ಮುಚ್ಚಿತು. ಯಜಮಾನ ಕೇಳಿದಾಗ ಸರಿಯಾದ ಲೆಕ್ಕ ಕೊಡಬೇಕೆಂಬುದು 213ನೇ ಕಲಮು. ಯಜಮಾನ ಸತ್ತರೆ ಪ್ರತಿನಿಧಿಯ ಅಧಿಕಾರವೂ ಮುಗಿಯಿತೆಂಬುದು 201ನೇ ಕಲಮು. ಸಾಳುವ ನರಸಿಂಹ ಮಾಡಿದಂತೆ, ತಾನು ಸತ್ತ ಮೇಲೆ ನಡೆಯಬೇಕಾದದ್ದನ್ನು ಮುಖ್ತ್ಯಾರನಾಮೆಯಲ್ಲಿ ಬರೆಯಲಾಗದು. ಅದಕ್ಕೆ ಉಯಿಲೇ ಬೇಕು.

ಮಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು, ಕಂಪ್ಲಿಯ ಗದ್ದೆಯೋ ಹೊಸಪೇಟೆಯ ಮನೆಯೋ ಇಲ್ಲಿ ಉಳಿದಿರುವ ಕುಟುಂಬಗಳು ಈಗ ಬಹಳ. ಅಂಥವರು ಬರೆದುಕೊಡುವ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರ, ಬೇರೆ ಕಾರಣಕ್ಕೂ ಬಳಕೆಯಲ್ಲಿತ್ತು. ನೋಂದಣಿ ಶುಲ್ಕ ತಪ್ಪಿಸಲು ನಿವೇಶನವನ್ನು ಜಿಪಿಎ ಮೂಲಕವೇ 'ಮಾರುವುದು' ನಡೆಯುತ್ತಿತ್ತು. ಅಂಥ ಪತ್ರದಿಂದ ಆಸ್ತಿಯ ಮಾಲೀಕತ್ವ ದಾಟುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತವಾಗಿ ಹೇಳಿತು. ಇನ್ನೊಬ್ಬರ ಹೆಸರಿನಲ್ಲಿ ಕೆಲಸ ಮಾಡುವ ಹಕ್ಕು ಬೇರೆ, ಆಸ್ತಿಯ ಒಡೆತನ ಬೇರೆ.

ಒಂದು ತೊಡಕು ಇನ್ನೂ ಉಳಿದಿದೆ. ಅದೇ 201ನೇ ಕಲಮಿನಂತೆ ಯಜಮಾನ ಬುದ್ಧಿ ಸ್ವಾಧೀನ ಕಳೆದುಕೊಂಡರೂ ಅಧಿಕಾರಪತ್ರ ಬಿದ್ದುಹೋಗುತ್ತದೆ. ಮರೆವಿನ ಕಾಯಿಲೆಯಿಂದ ನರಳುವ ವೃದ್ಧರಿಗೆ ಪ್ರತಿನಿಧಿ ಅತ್ಯಗತ್ಯವಾಗುವುದು ಆಗಲೇ. ಲೆಕ್ಕ ಕೇಳುವ ಶಕ್ತಿಯಿಲ್ಲದ ಯಜಮಾನನ ಹೆಸರಿನಲ್ಲಿ ಯಾರೂ ಆಳಕೂಡದು ಎಂಬ ಎಚ್ಚರ ಇದರಲ್ಲಿದೆ, ಆದರೆ ಅದರ ತೊಂದರೆ ಅನುಭವಿಸುವವರು ಆ ವೃದ್ಧರು ಮತ್ತು ಅವರ ಆರೈಕೆ ಮಾಡುವವರು. ಇಂಗ್ಲೆಂಡು 1985ರಲ್ಲೇ ಇದಕ್ಕೆ ಕಾನೂನು ತಂದಿತು. ಅಲ್ಲಿಯ 2005ರ ಕಾಯ್ದೆಯಂತೆ ಬುದ್ಧಿ ಸ್ವಾಧೀನ ತಪ್ಪಿದ ಮೇಲೂ ಮುಂದುವರಿಯುವ ಅಧಿಕಾರಪತ್ರವನ್ನು ಮುಂಚೆಯೇ ಬರೆದಿಡಬಹುದು. ಅದನ್ನು ಸರ್ಕಾರಿ ಕಚೇರಿಯೊಂದರಲ್ಲಿ ನೋಂದಾಯಿಸಬೇಕು, ದೂರು ಬಂದರೆ ಆ ಕಚೇರಿ ವಿಚಾರಿಸುತ್ತದೆ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಮಟ್ಟಿಗೆ ಒಬ್ಬ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಬರೆದು ನಾಮಕರಿಸಲು ಅವಕಾಶ ಕೊಟ್ಟಿದೆ. ಬ್ಯಾಂಕಿನ ಹಣ, ಹೊಲ ಮನೆಯ ವಿಷಯಕ್ಕೆ ಅದು ಬರುವುದಿಲ್ಲ. ಪ್ರಜ್ಞೆ ತಪ್ಪಿ ಹಾಸಿಗೆ ಹಿಡಿದವರ ಆಸ್ತಿ ನೋಡಿಕೊಳ್ಳಲು ಅವರ ಹೆಂಡತಿ ಮಕ್ಕಳು ಹೈಕೋರ್ಟಿನ ಮೆಟ್ಟಿಲು ಹತ್ತಿದ ಉದಾಹರಣೆಗಳಿವೆ. ಕೇರಳ ಹೈಕೋರ್ಟು 2019ರಲ್ಲಿ ಅಂಥ ಪ್ರಕರಣವೊಂದರಲ್ಲಿ ಪಾಲಕರನ್ನು ನೇಮಿಸುವ ಕ್ರಮವನ್ನು ವಿವರಿಸಿತು. ಹಾಗೆ ನೇಮಕವಾದವರೂ ತಾವು ನಡೆಸಿದ ವ್ಯವಹಾರದ ವರದಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕಾಗುತ್ತದೆ.